ಕಾರಿನ ಕಾರ್ಪೆಟ್ ಬದಲಿಸುವಾಗ ಅದರಡಿಗೆ ಏನು ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಪೆಟ್ಟಿನ ಬಣ್ಣ ಆರಿಸಲು ಜನ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದರ ಅಡಿಗೆ ಹೋಗುವ ಸಾಮಗ್ರಿಯನ್ನು ಮಾತ್ರ ಅಂಗಡಿಯವರ ಇಷ್ಟಕ್ಕೆ ಬಿಡುತ್ತಾರೆ. ಶಬ್ದ, ಶಾಖ, ವಾಸನೆ, ತುಕ್ಕು ಎಲ್ಲವೂ ತೀರ್ಮಾನವಾಗುವುದು ಈ ಅಡಿಯ ಪದರದಲ್ಲಿ. ಇಲ್ಲಿನ ಉತ್ತರಗಳು ಹೆಚ್ಚಾಗಿ ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿಯಂಥ ಹಳೆಯ ಗಾಡಿಗಳಿಗೆ ಸಂಬಂಧಿಸಿದವು. ಹೊಸ ಕಾರುಗಳಿಗೆ ಲೆಕ್ಕ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದೆ.

ಕಾರ್ಪೆಟ್ ಮಾತ್ರ ಬದಲಿಸಿ, ಹಳೆಯ ಪ್ಯಾಡಿಂಗ್ ಹಾಗೇ ಉಳಿಸಿಕೊಳ್ಳಬಹುದೇ?

ಮೊದಲು ಅದನ್ನು ಎತ್ತಿ ನೋಡಿ. ಆಕ್ಸಿಲರೇಟರ್ ಪೆಡಲ್ ಕೆಳಗಿನ ಮೂಲೆಯಲ್ಲಿ ಮತ್ತು ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಬೆರಳಿಗೆ ತಂಪು ತಗುಲಿದರೆ, ಮೂಸಿದಾಗ ಮಳೆಗಾಲದ ಗೋಣಿಚೀಲದ ವಾಸನೆ ಬಂದರೆ, ಆ ಪ್ಯಾಡಿಂಗ್‌ನ ಆಯುಷ್ಯ ಮುಗಿದಿದೆ. ಒಣಗಿಸಿದರೂ ಬೂಷ್ಟು ಅದರ ನಾರಿನೊಳಗೇ ಉಳಿಯುತ್ತದೆ. ಹೊಸ ಕಾರ್ಪೆಟ್ಟಿಗೆ ಒಂದು ಮಳೆಗಾಲದೊಳಗೆ ಅದೇ ವಾಸನೆ ಹತ್ತುತ್ತದೆ. ಒಣಗಿದ್ದು, ಹಿಂಡಿದರೆ ಪುಡಿ ಉದುರದೆ, ದಪ್ಪ ಉಳಿಸಿಕೊಂಡಿದ್ದರೆ ಧಾರಾಳವಾಗಿ ಮತ್ತೆ ಹಾಕಿ. ಕಂಪನಿಯವರು ನೆಲದ ಏರುತಗ್ಗಿಗೆ ಅಚ್ಚು ಹೊಯ್ದು ಕೊಟ್ಟ ಪ್ಯಾಡಿಂಗ್‌ನಷ್ಟು ಚೆನ್ನಾಗಿ ಕೂರುವಂಥದ್ದು ಹೊರಗೆ ಸುಲಭವಾಗಿ ಸಿಗುವುದಿಲ್ಲ.

ಶಬ್ದಕ್ಕೂ ಶಾಖಕ್ಕೂ ಒಂದೇ ಶೀಟ್ ಸಾಕು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನಂಬಬಹುದೇ?

ನಂಬಬೇಡಿ. ನೆಲದ ತಗಡಿಗೆ ಇರುವ ಮೂರು ಕಾಟಗಳು ಬೇರೆ ಬೇರೆ, ಮದ್ದೂ ಬೇರೆ ಬೇರೆ.

ಮೊದಲನೆಯದು ತಗಡಿನ ನಡುಕ. ಎಂಜಿನ್ ಮತ್ತು ಚಕ್ರದ ಅದುರಾಟಕ್ಕೆ ನೆಲದ ಅಗಲವಾದ ತಗಡು ತಾನೇ ಗುಂಯ್‌ಗುಟ್ಟುತ್ತದೆ. ಇದಕ್ಕೆ ಬೇಕಾದದ್ದು ಡ್ಯಾಂಪಿಂಗ್ ಶೀಟ್, ಅಂದರೆ ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಅಂಟುಅಂಟಾದ ಬ್ಯುಟೈಲ್ ರಬ್ಬರ್. ತಗಡು ಅದುರಿದಾಗ, ಅದಕ್ಕೂ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕಿಕೊಂಡ ರಬ್ಬರ್ ಹಿಂದೆ ಮುಂದೆ ಎಳೆದಾಡಿ, ಆ ಅದುರಾಟವನ್ನು ಅತಿ ಸಣ್ಣ ಪ್ರಮಾಣದ ಶಾಖವನ್ನಾಗಿ ಕರಗಿಸುತ್ತದೆ. ಎರಡನೆಯದು ಗಾಳಿಯಲ್ಲಿ ಬರುವ ಶಬ್ದ: ಟೈರಿನ ಭೋರು, ಸೈಲೆನ್ಸರ್‌ನ ಗುಡುಗು. ಇದನ್ನು ತಡೆಯುವುದು ತೂಕ. ಭಾರವಾದ, ಎಲ್ಲೂ ಸಂದು ಬಿಡದ ಪದರ ಬೇಕು. ಮೂರನೆಯದು ಶಾಖ. ಅದಕ್ಕೆ ಗಾಳಿಯನ್ನು ತನ್ನೊಳಗೆ ನಿಶ್ಚಲವಾಗಿ ಹಿಡಿದಿಟ್ಟುಕೊಳ್ಳುವ ಹಗುರವಾದ ವಸ್ತು, ಅಂದರೆ ಫೆಲ್ಟ್ ಅಥವಾ ಫೋಮ್ ಬೇಕು.

2 ಮಿಲಿಮೀಟರ್ ಬ್ಯುಟೈಲ್ ಅಂಟಿಸಿ ಕಾಲಡಿ ತಣ್ಣಗಾಗಲಿಲ್ಲ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಬರೀ ಫೋಮ್ ಹಾಸಿ ಟೈರಿನ ಸದ್ದು ನಿಲ್ಲಲಿಲ್ಲ ಎನ್ನುವುದೂ ಅಷ್ಟೆ. ನಿಮಗಿರುವ ಕಾಟ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ.

ಬ್ಯುಟೈಲ್ ದುಬಾರಿ. ಡಾಂಬರಿನ ಶೀಟ್ ಹಾಕಿದರೆ ಆಗದೇ?

ಕಾರ್ಖಾನೆಯಲ್ಲಿ ನೆಲಕ್ಕೆ ಅಂಟಿಸುವ ಗಟ್ಟಿ ಕಪ್ಪು ಪ್ಯಾಡ್‌ಗಳೂ ಡಾಂಬರಿನ ಜಾತಿಯವೇ. ಆದರೆ ಅವನ್ನು ಬಣ್ಣದ ಒಲೆಯ ಶಾಖದಲ್ಲಿ ಕರಗಿಸಿ ತಗಡಿಗೆ ಕಚ್ಚಿಸಿರುತ್ತಾರೆ. ಅಂಗಡಿಯಲ್ಲಿ ಸಿಗುವ ಅಗ್ಗದ ಡಾಂಬರು ಶೀಟ್, ಅದರಲ್ಲೂ ಮನೆಯ ತಾರಸಿ ಸೋರದಂತೆ ಹಚ್ಚುವ ಬೆಳ್ಳಿ ಪಟ್ಟಿ, ಬೇರೆಯೇ ಸರಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ 50–60 ಡಿಗ್ರಿ ಆಗುವುದು ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್‌ನ ದಿನನಿತ್ಯದ ಮಾತು. ಆಗ ಅದು ಮೆತ್ತಗಾಗುತ್ತದೆ, ರಸ್ತೆ ಹಾಕುವಾಗಿನ ವಾಸನೆ ಬಿಡುತ್ತದೆ, ಇಳಿಜಾರಿನ ಕಡೆಗಳಲ್ಲಿ ಜಾರುತ್ತದೆ.

ಬ್ಯುಟೈಲ್ ಎಂದು ಹೇಳಿ ಡಾಂಬರು ಮಾರುವವರೂ ಇದ್ದಾರೆ. ಪರೀಕ್ಷೆ ಸುಲಭ. ಒಂದು ಚೂರನ್ನು ಹರಿದು ಎಳೆಯಿರಿ: ಬ್ಯುಟೈಲ್ ಎಳೆ ಎಳೆಯಾಗಿ ಹಿಗ್ಗುತ್ತದೆ, ಡಾಂಬರು ತುಂಡಾಗುತ್ತದೆ. ಇನ್ನೂ ಅನುಮಾನವಿದ್ದರೆ ಒಂದು ತುಂಡನ್ನು ಬೇರೊಂದು ತಗಡಿಗೆ ಅಂಟಿಸಿ, ಮಧ್ಯಾಹ್ನದ ಬಿಸಿಲಿಗೆ ನೆಟ್ಟಗೆ ನಿಲ್ಲಿಸಿ. ಸಂಜೆಗೆ ಅದು ಕೆಳಗೆ ಸರಿದಿದ್ದರೆ ಸರಕನ್ನು ವಾಪಸು ಕೊಡಿ.

ಡ್ಯಾಂಪಿಂಗ್ ಶೀಟ್‌ ಅನ್ನು ನೆಲದ ತುಂಬ ಅಂಟಿಸಬೇಕೇ?

ಬೇಡ. ಚಪ್ಪಟೆಯಾದ ಪ್ರತಿ ತಗಡಿನ ನಡುಭಾಗದಲ್ಲಿ, ಅದರ ವಿಸ್ತೀರ್ಣದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಅಂಟಿಸಿದರೆ ಬಹುಪಾಲು ಗುಣ ಸಿಕ್ಕಿಬಿಡುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಡಬ್ಬದಂತೆ ಠಣಗುಟ್ಟುವ ಕಡೆ ಬೇಕು, ಮಂದವಾಗಿ ‘ಟಕ್’ ಎನ್ನುವ ಕಡೆ ಬೇಡ. ಉಬ್ಬು ಗೆರೆಗಳನ್ನು ಒತ್ತಿ ತೆಗೆದ ತಗಡು ಈಗಾಗಲೇ ಬಿಗಿಯಾಗಿರುತ್ತದೆ. ಹಾಕಿದ ಕಡೆ ಮಾತ್ರ ಸಣ್ಣ ರೋಲರ್‌ನಿಂದ ಗಟ್ಟಿಯಾಗಿ ಉರುಳಿಸಿ. ಹಾಳೆಯ ಮೇಲಿನ ಉಬ್ಬು ಚಿತ್ತಾರ ಮಟ್ಟಸವಾಗುವವರೆಗೆ ಒತ್ತಿದರೆ ರಬ್ಬರ್ ತಗಡನ್ನು ಕಚ್ಚಿದೆ ಎಂದರ್ಥ.

ಇಡೀ ನೆಲವನ್ನು ಮುಚ್ಚಿ ಎಂದು ಒತ್ತಾಯಿಸುವವರು ಸಾಮಾನ್ಯವಾಗಿ ಶೀಟ್ ಲೆಕ್ಕದಲ್ಲಿ ಹಣ ಪಡೆಯುವವರು. 2 ಮಿಲಿಮೀಟರ್ ಬ್ಯುಟೈಲ್ ಚದರ ಮೀಟರಿಗೆ 3 ಕಿಲೋಗ್ರಾಂನಷ್ಟು ತೂಗುತ್ತದೆ. 796 ಸಿಸಿ ಎಂಜಿನ್ನಿನ ಪುಟ್ಟ ಮಾರುತಿಗೆ ಬೇಡದ ಭಾರ ಹೊರಿಸುವುದೇಕೆ?

ಸೆಣಬಿನ ಫೆಲ್ಟ್ ಒಳ್ಳೆಯದೋ, ಫೋಮ್ ಒಳ್ಳೆಯದೋ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ನಿಮ್ಮ ಊರಿನ ಮಳೆಯನ್ನು ಕೇಳಿ ಹೇಳಬೇಕಾದದ್ದು.

ಫೆಲ್ಟ್ ಎಂದರೆ ಸೆಣಬು ಅಥವಾ ಹರಿದ ಹಳೆಯ ಬಟ್ಟೆಯ ನಾರನ್ನು ಸೂಜಿಯಿಂದ ಕುಟ್ಟಿ ಗಟ್ಟಿ ಮಾಡಿದ ಹಾಸು. ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳ ಕಾಲದ ಪ್ಯಾಡಿಂಗ್ ಇದೇ ಬಗೆಯದು. ಕಾಲಿಗೆ ಹಿತ, ಶಾಖಕ್ಕೆ ಒಳ್ಳೆಯ ತಡೆ, ಒಳಗಿನ ಸದ್ದನ್ನೂ ತಕ್ಕಮಟ್ಟಿಗೆ ನುಂಗುತ್ತದೆ, ಬೆಲೆಯೂ ಕಡಿಮೆ. ದೋಷ ಒಂದೇ, ಆದರೆ ದೊಡ್ಡದು: ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಮೇಲೆ ರಬ್ಬರ್ ಮ್ಯಾಟ್ ಇದ್ದರಂತೂ ಒದ್ದೆ ಫೆಲ್ಟ್ ತಿಂಗಳುಗಟ್ಟಲೆ ತಗಡಿಗೆ ಅಂಟಿಕೊಂಡು ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ತೀರ್ಥಹಳ್ಳಿ, ಆಗುಂಬೆಯ ಕಡೆಯ ಮಳೆಯಲ್ಲಿ ನೆಲ ತೂತಾಗುವ ದಾರಿ ಇದು. ಆ ಸೀಮೆಯವರಿಗೆ ನಾನು ಫೆಲ್ಟ್ ಹೇಳುವುದಿಲ್ಲ.

ಫೋಮ್‌ನಲ್ಲಿ ಎರಡು ಜಾತಿ. ಮುಚ್ಚಿದ ಗುಳ್ಳೆಗಳ ಫೋಮ್‌ನಲ್ಲಿ, ಅಂದರೆ ಪಾಲಿಎಥಿಲೀನ್, ನೈಟ್ರೈಲ್ ರಬ್ಬರ್ ಮೊದಲಾದವುಗಳಲ್ಲಿ, ಪ್ರತಿ ಗುಳ್ಳೆಯೂ ಪ್ರತ್ಯೇಕವಾಗಿ ಮುಚ್ಚಿಕೊಂಡಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ. ತೆರೆದ ಗುಳ್ಳೆಯದು ಸೀಟಿನ ಸ್ಪಂಜು. ಗುರುತಿಸಲು ತುಂಡನ್ನು ತುಟಿಗೆ ಒತ್ತಿ ಊದಿ. ಉಸಿರು ಆಚೆ ಬಂದರೆ ಅದು ನೀರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ನೂ ಖಚಿತವಾಗಬೇಕಾದರೆ ನೀರಿನ ಬಕೆಟ್ಟಿನಲ್ಲಿ ಅದುಮಿ ಹಿಡಿದು ಬಿಡಿ. ಹೊರತೆಗೆದು ಹಿಂಡಿದಾಗ ಮೇಲ್ಮೈಯ ನಾಲ್ಕು ಹನಿ ಬಿಟ್ಟು ಬೇರೇನೂ ಬರಬಾರದು.

ಕರಾವಳಿ, ಮಲೆನಾಡಿಗೆ 5–6 ಮಿಲಿಮೀಟರ್‌ನ ಮುಚ್ಚಿದ ಗುಳ್ಳೆಯ ಫೋಮ್. ಬಯಲುಸೀಮೆಯ ಒಣ ಊರಿನಲ್ಲಿ, ನೀರು ಸೋರದ ಕಾರಿಗೆ ಫೆಲ್ಟ್ ಇಂದಿಗೂ ಒಳ್ಳೆಯ ಆಯ್ಕೆ. ಬೆಂಗಳೂರಿನವರಿಗೆ ಎರಡೂ ನಡೆಯುತ್ತದೆ, ಕಾರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡು. ಇವೆರಡರ ನಡುವೆ ಪಾಲಿಯೆಸ್ಟರ್ ನಾರಿನ ಹಗುರ ಹಾಸುಗಳೂ ಇವೆ. ನಾರು ನೀರು ಹೀರುವುದಿಲ್ಲವಾದ್ದರಿಂದ ಒದ್ದೆಯಾದರೂ ಬೇಗ ಆರುತ್ತವೆ, ಆದರೆ ಕಾಲ ಕೆಳಗೆ ಚಪ್ಪಟೆಯಾಗುತ್ತವೆ. ಬಾಗಿಲಿನ ಒಳಗೆ, ಡಿಕ್ಕಿಯ ಬದಿಗಳಲ್ಲಿ ಹಾಕಲು ಲಾಯಕ್ಕು.

ಒಂದು ಎಚ್ಚರಿಕೆ: ಫೋಮ್ ನೀರು ಕುಡಿಯುವುದಿಲ್ಲ ಎಂದರೆ ಅದರ ಅಡಿಗೆ ನೀರು ಹೋಗುವುದಿಲ್ಲ ಎಂದಲ್ಲ. ಹೋದ ನೀರು ಮೇಲಕ್ಕೆ ಆರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಫೋಮ್‌ ಅನ್ನು ನೆಲಕ್ಕೆ ಪೂರ್ತಿ ಅಂಟಿಸಬೇಡಿ. ಎತ್ತಿ ನೋಡುವ ಹಾಗಿರಲಿ.

ಕಾಲಡಿ ಸುಡುತ್ತದೆ. ಬೆಳ್ಳಿ ಹಾಳೆಯ ಶೀಟ್ ಹಾಕಿದರೆ ಸರಿಹೋಗುತ್ತದೆಯೇ?

ಅದು ಹಾಕುವ ಜಾಗವನ್ನು ಅವಲಂಬಿಸಿದೆ. ಹೊಳೆಯುವ ಅಲ್ಯೂಮಿನಿಯಂ ಕಿರಣ ರೂಪದ ಶಾಖವನ್ನು ಹಿಂದಕ್ಕೆ ಅಟ್ಟುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಎದುರಿನಲ್ಲಿ ಒಂದೆರಡು ಸೆಂಟಿಮೀಟರ್ ಖಾಲಿ ಜಾಗ ಬೇಕು. ಬಿಸಿ ತಗಡಿಗೂ ಕಾರ್ಪೆಟ್ಟಿಗೂ ನಡುವೆ ಒತ್ತಿ ಸಿಕ್ಕಿಸಿದರೆ ಹಾಳೆಯ ಹೊಳಪು ಕೆಲಸಕ್ಕೆ ಬಾರದು. ಅಲ್ಲಿ ಶಾಖ ತಡೆಯುವುದು ಅದರ ಬೆನ್ನಿಗಿರುವ ಫೋಮ್ ಅಷ್ಟೇ.

ಸುಡುವಿಕೆಯ ಮೂಲವನ್ನು ಕೆಳಗಿನಿಂದ ಹುಡುಕಿ. ಕಾರನ್ನು ಲಿಫ್ಟ್‌ಗೆ ಏರಿಸಿ ಸೈಲೆನ್ಸರ್ ಪೈಪು ಎಲ್ಲಿ ನೆಲಕ್ಕೆ ಹತ್ತಿರ ಹಾಯುತ್ತದೆ ನೋಡಿ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷವನ್ನು ಕಡಿಮೆ ಮಾಡುವ ಡಬ್ಬಿ) ಇರುವ ಪೆಟ್ರೋಲ್ ಕಾರುಗಳಲ್ಲಿ ಅದು ಕೆಲಸ ಮಾಡುವಾಗ 400 ಡಿಗ್ರಿ ದಾಟುತ್ತದೆ. ಅದಕ್ಕೂ ನೆಲಕ್ಕೂ ನಡುವೆ ಕಂಪನಿ ಕೊಟ್ಟಿದ್ದ ತೆಳು ತಗಡಿನ ಕವಚ, ಗ್ಯಾರೇಜಿನಲ್ಲಿ ಗಡಗಡ ಸದ್ದು ಮಾಡುತ್ತದೆಂದು ಕಿತ್ತು ಎಸೆದಿರುವುದು ಬಹಳ ಸಲ ಕಾಣಸಿಗುತ್ತದೆ. ಅದನ್ನು ಮತ್ತೆ ಹಾಕಿಸಿ. ಒಳಗೆ ಎಷ್ಟು ಪದರ ಹಾಸಿದರೂ ಈ ಒಂದು ತಗಡಿಗೆ ಸಮವಾಗದು. ಇಲ್ಲಿ ಬೆಳ್ಳಿ ಹೊಳಪಿಗೆ ಬೇಕಾದ ಖಾಲಿ ಜಾಗವೂ ಇರುತ್ತದೆ.

ಓಮ್ನಿಯ ಕಥೆ ಬೇರೆ. ಅದರ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಅಲ್ಲಿ ಎಂಜಿನ್ ಮುಚ್ಚಳದ ಅಂಚಿನ ರಬ್ಬರ್ ಬೀಡಿಂಗ್ ಹರಿದಿದ್ದರೆ ಬಿಸಿಗಾಳಿ, ಹೊಗೆ, ಸದ್ದು ಮೂರೂ ಒಟ್ಟಿಗೇ ನುಗ್ಗುತ್ತವೆ. ಮೊದಲು ಬೀಡಿಂಗ್, ಆಮೇಲೆ ಪ್ಯಾಡಿಂಗ್. ಮುಚ್ಚಳದ ಎಂಜಿನ್ ಕಡೆಯ ಮೈಗೆ ಸಾಧಾರಣ ಫೋಮ್ ಅಂಟಿಸಲೇಬಾರದು. ಶಾಖಕ್ಕೆಂದೇ ಮಾಡಿದ ಗಾಜಿನ ನಾರಿನ ಹಾಸು ಬೇಕು.

ಭಾರದ ವೈನಿಲ್ ಹಾಳೆ ಹಾಕಬೇಕೇ?

ಟೈರಿನ ಭೋರು ನಿಜವಾಗಿ ಕಾಡುತ್ತಿದ್ದರೆ ಹಾಕಿ. ಸುಮಾರು 3 ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ 5 ಕಿಲೋಗ್ರಾಂ ತೂಗುತ್ತದೆ. ಅದನ್ನು ತಗಡಿನ ಮೇಲೆ ನೇರವಾಗಿ ಇಡದೆ, ಕೆಳಗೆ ಫೋಮ್ ಹಾಸಿ ತೇಲಿಸಿದಾಗಲೇ ಪೂರ್ತಿ ಫಲ. ಆದರೆ ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಯಲ್ಲಿ ತಂತಿಗಳು ಹಾಯುವ ರಬ್ಬರ್ ಬಿರಡೆ ಬಿದ್ದುಹೋಗಿದ್ದರೆ, ಗೇರ್ ಲಿವರಿನ ಬೂಟು ಹರಿದಿದ್ದರೆ, ಇಷ್ಟು ಖರ್ಚು ಮಾಡಿಯೂ ಸದ್ದು ಅಲ್ಲಿಂದಲೇ ಒಳಗೆ ಬರುತ್ತದೆ. ಐವತ್ತು ರೂಪಾಯಿಯ ಬಿರಡೆಗಳನ್ನು ಮೊದಲು ಹಾಕಿಸಿ, ಒಮ್ಮೆ ಓಡಿಸಿ ನೋಡಿ. ವೈನಿಲ್ ಬೇಕೆನಿಸುವುದೇ ಇಲ್ಲದಿರಬಹುದು.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?

ಇಲ್ಲ. ಎಲ್ಲ ಪದರ ಸೇರಿ 10–12 ಮಿಲಿಮೀಟರ್ ದಾಟಿದರೆ ಸಣ್ಣ ಕಾರುಗಳಲ್ಲಿ ತೊಂದರೆ ಶುರು. ಆಕ್ಸಿಲರೇಟರ್ ಪೂರ್ತಿ ಕೆಳಗೆ ಹೋಗದು, ಅಥವಾ ಕಾರ್ಪೆಟ್ಟಿನ ಉಬ್ಬಿಗೆ ಸಿಕ್ಕಿ ಮೇಲೆ ಬಾರದು. ಎರಡನೆಯದು ಪ್ರಾಣಕ್ಕೆ ಅಪಾಯ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಕೂರುವುದಿಲ್ಲ. ಸೀಟಿನ ಬೋಲ್ಟ್‌ಗಳು ಮೆತ್ತನೆಯ ಪದರದ ಮೇಲೆ ಕುಳಿತರೆ ದಿನ ಕಳೆದಂತೆ ಸಡಿಲವಾಗುತ್ತವೆ. ಸೀಟ್ ಮತ್ತು ಸೀಟ್ ಬೆಲ್ಟ್ ಬೋಲ್ಟ್‌ಗಳ ಕೆಳಗೆ ಪ್ಯಾಡಿಂಗ್ ಇರಲೇಬಾರದು; ಅಷ್ಟಗಲ ದುಂಡಗೆ ಕತ್ತರಿಸಿ ತೆಗೆಯಿರಿ.

ಕಾರ್ಪೆಟ್ಟಿಗೆ ಬೋಲ್ಟ್ ತೂತು ಮಾಡುವುದು ಹೇಗೆ?

ಡ್ರಿಲ್ ಬಳಸಬೇಡಿ. ಡ್ರಿಲ್ ಬಿಟ್ ಒಂದು ನೂಲನ್ನು ಕಚ್ಚಿ ಸುತ್ತಿಕೊಂಡರೆ ಕಾರ್ಪೆಟ್ಟಿನ ಉದ್ದಕ್ಕೂ ಗೆರೆ ಎದ್ದುಬರುತ್ತದೆ, ಅದನ್ನು ಸರಿಪಡಿಸಲಾಗದು. ತಗಡಿನ ತೂತನ್ನು ಕೆಳಗಿನಿಂದ ದಬ್ಬಳದಿಂದ ಚುಚ್ಚಿ ಗುರುತು ಮಾಡಿ, ಮೇಲಿನಿಂದ ಹಳೆಯ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ನಿಧಾನವಾಗಿ ಇಳಿಸಿ. ನೈಲಾನ್, ಪಾಲಿಯೆಸ್ಟರ್ ನೂಲು ಕರಗಿ ಅಂಚು ಗಟ್ಟಿಯಾಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಬಾಗಿಲು ತೆರೆದಿಟ್ಟು ಮಾಡಿ, ಹೊಗೆ ಕುಡಿಯಬೇಡಿ.

ನೆಲದಲ್ಲಿ ತುಕ್ಕು ಕಾಣುತ್ತಿದೆ. ಮೇಲೆ ಬ್ಯುಟೈಲ್ ಅಂಟಿಸಿದರೆ ನಿಲ್ಲುತ್ತದಲ್ಲವೇ?

ಮುಚ್ಚಿಟ್ಟರೆ ಕಾಣುವುದಿಲ್ಲ, ಅಷ್ಟೇ. ತಂತಿ ಬ್ರಷ್ಷಿನಿಂದ ತಿಕ್ಕಿ, ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ತಗಡು ಒಳಗೆ ಹೋದರೆ ಟಿಂಕರ್ ಹತ್ತಿರ ಹೊಸ ತಗಡು ಬೆಸೆಸುವುದೇ ದಾರಿ. ಗಟ್ಟಿಯಿದ್ದರೆ ಉಳಿದ ತುಕ್ಕಿಗೆ ಅದನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ರಸ್ಟ್ ಕನ್ವರ್ಟರ್ ದ್ರವ, ಅದರ ಮೇಲೆ ಎಪಾಕ್ಸಿ ಪ್ರೈಮರ್, ಕೂಡುಗೆರೆಗಳಿಗೆ ಸೀಲರ್, ಕೊನೆಗೆ ಬಣ್ಣ. ಪೂರ್ತಿ ಒಣಗಲು ಬಿಟ್ಟು, ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆ ಶೀಟ್. ಹಳೆಯ ಡಾಂಬರು ಪ್ಯಾಡ್ ಬಿರುಕಿಲ್ಲದೆ ತಗಡಿಗೆ ಕಚ್ಚಿಕೊಂಡಿದ್ದರೆ ಅದನ್ನು ಕೆದಕಬೇಡಿ. ಅಂಚು ಎದ್ದ ಕಡೆ ಮಾತ್ರ ಬಿಸಿಗಾಳಿ ಹಾಯಿಸಿ ಎಬ್ಬಿಸಿ ತೆಗೆಯಿರಿ, ಏಕೆಂದರೆ ಆ ಅಂಚಿನ ಅಡಿಯಲ್ಲೇ ನೀರು ಕೂತಿರುತ್ತದೆ.

ನೆಲದ ರಬ್ಬರ್ ಬಿರಡೆಗಳ ಮೇಲೆ ಏನನ್ನೂ ಅಂಟಿಸಬೇಡಿ. ಮುಂದೊಂದು ದಿನ ನೀರು ಹೊರಬಿಡಬೇಕಾದಾಗ ಅವೇ ಬೇಕಾಗುವುದು.

ಒದ್ದೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಹೇಗೆ?

ಎಸಿ ಹಾಕಿದ ದಿನ ಮಾತ್ರ ಎಡಗಡೆ ಕಾಲಿನ ಜಾಗ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದೆ. ಮಳೆ ಬಂದಾಗ ಮಾತ್ರವಾದರೆ ಮುಂದಿನ ಗಾಜಿನ ರಬ್ಬರ್, ವೈಪರ್ ಕೆಳಗಿನ ಎಲೆ ತುಂಬಿದ ಚರಂಡಿ, ಬಾಗಿಲ ಒಳಗಿನ ಹರಿದ ಪ್ಲಾಸ್ಟಿಕ್ ಹಾಳೆ ನೋಡಿ. ಮರದಡಿ ನಿಲ್ಲುವ ಕಾರುಗಳಲ್ಲಿ ಬಹುಪಾಲು ಆ ಎಲೆಯದೇ ಕಾಟ. ನೀರು ಜಿಗುಟಾಗಿ, ಸಿಹಿ ವಾಸನೆಯಿದ್ದರೆ ಅದು ಹೀಟರ್‌ನಿಂದ ಸೋರಿದ ಕೂಲೆಂಟ್. ಕಾರ್ಪೆಟ್ ಇಲ್ಲದ ಬರಿ ನೆಲದ ಕಾರಿಗೆ ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಹೊಸ ಪ್ಯಾಡಿಂಗ್ ಹಾಕುವ ಮೊದಲು ಈ ಪರೀಕ್ಷೆ ಕಡ್ಡಾಯ ಎಂದುಕೊಳ್ಳಿ.

ಕಾರ್ಪೆಟ್ ಬದಲು ಫ್ಲೋರ್ ಲ್ಯಾಮಿನೇಷನ್ ಮಾಡಿಸಿ ಎನ್ನುತ್ತಾರಲ್ಲ?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸೀಟ್ ಕವರ್ ಅಂಗಡಿಯವರೆಗೆ ಎಲ್ಲರೂ ಮಾಡಿಕೊಡುತ್ತಾರೆ. ಇರುವ ಕಾರ್ಪೆಟ್ಟಿನ ಮೇಲೆಯೇ ಫೋಮ್ ಬೆನ್ನಿನ ದಪ್ಪ ಪಿವಿಸಿ ಹಾಳೆಯನ್ನು ಅಂಟಿಸಿಬಿಡುತ್ತಾರೆ. ಕೆಸರು ಒರೆಸಲು ಸುಲಭ, ನೋಡಲು ಅಚ್ಚುಕಟ್ಟು. ನನಗೆ ಇದು ಸೇರದು. ಮೇಲಿನಿಂದ ಬಿದ್ದ ನೀರು ಇಳಿಯುವುದಿಲ್ಲ, ಸರಿ; ಆದರೆ ಮುಂಗಾಜು, ಎಸಿ, ಬಾಗಿಲಿನಿಂದ ಬಂದ ನೀರು ಇಳಿಯುವುದು ಲ್ಯಾಮಿನೇಷನ್ನಿನ ಕೆಳಗೆ. ಅಲ್ಲಿ ಕಾರ್ಪೆಟ್, ಫೆಲ್ಟ್ ಎರಡೂ ನೆನೆದು, ಆರಲು ದಾರಿಯಿಲ್ಲದೆ ಕೊಳೆಯುತ್ತವೆ. ಮಾಲೀಕರಿಗೆ ಗೊತ್ತಾಗುವುದು ವಾಸನೆ ಬಂದ ಮೇಲೆ. ಒರೆಸುವ ಅನುಕೂಲವೇ ಬೇಕಿದ್ದರೆ ಎತ್ತಿ ತೆಗೆಯುವಂಥ, ಅಂಚು ಎತ್ತರವಿರುವ ರಬ್ಬರ್ ಟ್ರೇ ಮ್ಯಾಟ್ ಹಾಕಿ.

ನೆರೆಯಲ್ಲಿ ನಿಂತಿದ್ದ ಕಾರಿನ ಪ್ಯಾಡಿಂಗ್ ಒಣಗಿಸಿ ಬಳಸಬಹುದೇ?

ಬೇಡ, ಪೂರ್ತಿ ಬಿಸಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತ ಕಾರುಗಳನ್ನು ಮುಳುಗಿಸಿದ ನೀರಿನಲ್ಲಿ ಮಳೆಯ ಜೊತೆ ಕೊಳಚೆಯೂ ಇತ್ತು. ಹಳೆಯ ಕಾರು ಕೊಳ್ಳುವವರು ಇದನ್ನೇ ಪತ್ತೆಯ ದಾರಿ ಮಾಡಿಕೊಳ್ಳಬಹುದು: ಹೊಸ್ತಿಲ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿ. ಪ್ಯಾಡಿಂಗ್‌ನ ನಾರಿನಲ್ಲಿ ನಯವಾದ ಕೆಸರಿನ ಗೆರೆ, ಸೀಟಿನ ಬೋಲ್ಟ್ ಬುಡದಲ್ಲಿ ತುಕ್ಕು ಇದ್ದರೆ, ಅಥವಾ ಹತ್ತು ವರ್ಷದ ಕಾರಿಗೆ ಕಾರಣವಿಲ್ಲದೆ ಹೊಸ ಪ್ಯಾಡಿಂಗ್ ಬಿದ್ದಿದ್ದರೆ, ಬೆಲೆಯ ಮಾತನ್ನು ಅಲ್ಲೇ ನಿಲ್ಲಿಸಿ.

ಅಂಟು ಯಾವುದು?

ಸಿಂಥೆಟಿಕ್ ರಬ್ಬರ್ ಕಾಂಟ್ಯಾಕ್ಟ್ ಅಂಟು. ಫೆವಿಕಾಲ್ ಎಸ್‌ಆರ್ ಬಗೆಯದು. ಬಡಗಿಗಳು ಬಳಸುವ ಬಿಳಿ ಅಂಟು ಬೇಡ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಕೂಡಿಸಿ. ನೆಲದ ನಡುವೆ ಉಬ್ಬಿರುವ ಗೇರ್ ಬಾಕ್ಸ್ ಗುಡ್ಡದ ಬದಿ, ಡ್ಯಾಶ್ ಕೆಳಗಿನ ಏರು, ಇಷ್ಟಕ್ಕೆ ಮಾತ್ರ ಅಂಟು. ನೆಲದ ಮಟ್ಟಸ ಭಾಗದಲ್ಲಿ ಕಾರ್ಪೆಟ್ಟಿನ ತೂಕ, ಸೀಟು, ಹೊಸ್ತಿಲ ಪಟ್ಟಿಗಳೇ ಹಿಡಿದುಕೊಳ್ಳುತ್ತವೆ.

ಇಲಿಗಳು ಪ್ಯಾಡಿಂಗ್ ಕಡಿಯುತ್ತವೆ. ಯಾವುದನ್ನು ಕಡಿಯುವುದಿಲ್ಲ?

ಕಡಿಯದಿರುವುದು ಯಾವುದೂ ಇಲ್ಲ. ಆದರೆ ಗೂಡಿಗೆ ಅವು ಮೊದಲು ಹುಡುಕುವುದು ಬಟ್ಟೆ, ಸೆಣಬಿನ ನಾರು. ತಿಂಗಳುಗಟ್ಟಲೆ ನಿಲ್ಲುವ ಹಳೆಯ ಕಾರಿಗೆ ಇದೂ ಫೋಮ್ ಆರಿಸಲು ಒಂದು ಕಾರಣ. ಮೇಲೆ ಹೇಳಿದ ಬಿರಡೆಗಳು ಇಲಿ ನುಗ್ಗುವ ತೂತುಗಳನ್ನು ಮುಚ್ಚಿ ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಬೆಂಕಿಯ ಭಯವಿಲ್ಲವೇ?

ಇದೆ. ವಾಹನದ ಒಳಗಿನ ಸಾಮಗ್ರಿ ಎಷ್ಟು ವೇಗದಲ್ಲಿ ಉರಿಯಬಹುದು ಎಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಶೀಟ್ ಕೊಳ್ಳುವಾಗ ಅದನ್ನು ಕೇಳಿ. ಪ್ಯಾಕಿಂಗ್‌ನ ಥರ್ಮಾಕೋಲ್ ಹಾಳೆ, ಗುಳ್ಳೆ ಪ್ಲಾಸ್ಟಿಕ್, ಹಾಸಿಗೆಯ ಸ್ಪಂಜು ಇವನ್ನು ಕಾರಿನ ನೆಲಕ್ಕೆ ಹಾಕುವ ಯೋಚನೆಯನ್ನೇ ಬಿಡಿ. ಕತ್ತರಿಸಿದ ಚೂರೊಂದನ್ನು ಬಯಲಿನಲ್ಲಿ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ; ಕಡ್ಡಿ ತೆಗೆದ ಮೇಲೂ ಭಗ್ಗನೆ ಉರಿದು ಹನಿಹನಿಯಾಗಿ ಸುರಿದರೆ ಅದು ಕಾರಿಗೆ ತಕ್ಕದ್ದಲ್ಲ.

ಹೊಸ ಕಾರು ಅಥವಾ ವಿದ್ಯುತ್ ಕಾರಿನಲ್ಲಿ ಇದನ್ನೆಲ್ಲ ನಾವೇ ಮಾಡಬಹುದೇ?

ಸೀಟಿನ ಕೆಳಗೆ ಹಳದಿ ತಂತಿ ಕಂಡರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟಿನ ಬಿಗಿಕಾರಕದ್ದು. ಬ್ಯಾಟರಿ ಕಳಚಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಸೀಟು ಬಿಚ್ಚಿ. ಕಿತ್ತಳೆ ತಂತಿ ಕಂಡರೆ ಅದು ಅಧಿಕ ವೋಲ್ಟೇಜಿನದು, ಮುಟ್ಟಬೇಡಿ. ವಿದ್ಯುತ್ ಕಾರಿನಲ್ಲಿ ಎಂಜಿನ್ ಸದ್ದಿಲ್ಲದ್ದರಿಂದ ಟೈರಿನ ಸದ್ದು ಎದ್ದು ಕೇಳುತ್ತದೆ, ಪ್ಯಾಡಿಂಗ್ ಹೆಚ್ಚಿಸುವ ಆಸೆಯೂ ಆಗುತ್ತದೆ. ಆದರೆ ನೆಲದ ಕೆಳಗೆ ಬ್ಯಾಟರಿ ಇರುವಾಗ ಅಲ್ಲಿ ತೂತು ಕೊರೆಯುವ, ಸ್ಕ್ರೂ ಹೊಡೆಯುವ ಮಾತೇ ಇಲ್ಲ.

ಅಂಬಾಸಿಡರ್, ಪದ್ಮಿನಿಗೆ ಅಳತೆಯ ಕಾರ್ಪೆಟ್ ಸಿಗದಿದ್ದರೆ?

ಹಳೆಯದನ್ನು ಹರಿಯದೆ ತೆಗೆದು ನಮೂನೆಯಾಗಿ ಇಟ್ಟುಕೊಳ್ಳಿ, ಎಷ್ಟೇ ಕೊಳಕಾಗಿದ್ದರೂ. ಗಾಡಿಯೊಳಗಿನ ಕೆಲಸ ಬಲ್ಲ ಹೊಲಿಗೆಯವರು ಅದನ್ನು ನೋಡಿ ಲೂಪ್ ನೈಲಾನ್ ಕಾರ್ಪೆಟ್ಟನ್ನು ತುಂಡು ತುಂಡಾಗಿ ಕತ್ತರಿಸಿ, ಅಂಚು ಕಟ್ಟಿ ಕೊಡುತ್ತಾರೆ. ಪ್ಯಾಡಿಂಗ್‌ ಅನ್ನೂ ಅದೇ ತುಂಡುಗಳ ಅಳತೆಗೆ, ಆದರೆ ಪ್ರತಿ ಅಂಚಿನಲ್ಲಿ ಒಂದು ಬೆರಳು ಚಿಕ್ಕದಾಗಿ ಕತ್ತರಿಸಿ; ಇಲ್ಲದಿದ್ದರೆ ಹೊಲಿದ ಅಂಚು ಮೇಲಕ್ಕೆ ಮುದುಡುತ್ತದೆ. ಪ್ಯಾಡಿಂಗ್ ನೆಲದಲ್ಲಿ ಕೂತ ಮೇಲೆಯೇ ಕಾರ್ಪೆಟ್ಟಿನ ಕೊನೆಯ ಅಳತೆ ತೆಗೆಯಲು ಹೇಳಿ. ಬರಿ ತಗಡಿನ ಅಳತೆಗೆ ಹೊಲಿದ ಕಾರ್ಪೆಟ್, ಗೇರ್ ಬಾಕ್ಸ್ ಗುಡ್ಡದ ಮೇಲೆ ಪ್ಯಾಡಿಂಗ್ ಬಂದ ಕೂಡಲೇ ಎರಡೂ ಬದಿಯಲ್ಲಿ ಗಿಡ್ಡವಾಗುತ್ತದೆ.